ಹೊರಗೆ ಯಾತ್ರೆಯ ಬೋರ್ಡು, ಒಳಗೆ ಬಾಲಿ

ಬೀದರ್ ಜಿಲ್ಲೆಯವರು ಊರು ಬಿಟ್ಟು ಹೊರಡಬೇಕಾದರೆ ಕಾರಣ ಬೇಕು. ಮದುವೆ, ಜಾತ್ರೆ, ಜವಳ, ಹೊಲದ ತಂಟೆ, ಹೈದರಾಬಾದಿನ ಆಸ್ಪತ್ರೆ, ಇವುಗಳಲ್ಲಿ ಒಂದಿದ್ದರೆ ಸಾಕು, ಇಡೀ ಮನೆತನ ಗಂಟುಮೂಟೆ ಕಟ್ಟುತ್ತದೆ. ಯಾವುದೂ ಇಲ್ಲದೆ, ಸುಮ್ಮನೆ ಒಂದು ವಾರ ಸಮುದ್ರದ ದಂಡೆಯಲ್ಲಿ ಕೂತು ಬರುತ್ತೇವೆ ಎಂದು ಹೇಳಿ ನೋಡಿ. "ಯಾಕ, ಮನ್ಯಾಗ ಏನರ ಜಗಳ ಆಗ್ಯದೇನು?" ಎಂದು ಕೇಳುತ್ತಾರೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿದ ಮೇಲೂ ನಮಗೆ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಪರ್ತ್‌ನವರಿಗೆ ಬಾಲಿ ಅಂದರೆ ಹಿತ್ತಲು. ವಿಮಾನ ಹತ್ತಿದರೆ ನಾಲ್ಕು ತಾಸಿನೊಳಗೆ ದ್ವೀಪ, ಎರಡೂ ಕಡೆ ಹೊತ್ತೂ ಒಂದೇ, ಗಡಿಯಾರ ತಿರುಗಿಸುವ ಕೆಲಸ ಸಹ ಇಲ್ಲ. ಆಫೀಸಿನವರೆಲ್ಲ ಹೋಗಿ ಮೈ ಕೆಂಪಗೆ ಮಾಡಿಕೊಂಡು ಬಂದಿದ್ದಾರೆ. ನಾವು ಮಾತ್ರ ರಜೆಯನ್ನೆಲ್ಲ ಕೂಡಿಟ್ಟು ಭಾಲ್ಕಿಗೆ ಹೋಗಿ, ಬೀಗರ ಮನೆಗಳ ಹಾಜರಿ ಹಾಕಿ, ದಣಿದು ವಾಪಸು ಬರುವವರು.

ಈ ಸಲ ನಮ್ಮ ಮನೆಯವರು ಹೊಸ ಯೋಜನೆ ತೆಗೆದರು. ನಾವು ಇಲ್ಲಿಂದ ಹೋಗುವುದು, ಊರಿನವರು ಅಲ್ಲಿಂದ ಬರುವುದು, ನಡುವೆ ಬಾಲಿಯಲ್ಲಿ ಒಂದು ವಾರ ಎಲ್ಲರೂ ಕೂಡುವುದು. ಬೀದರ್ ಶಹರದಿಂದ ನನ್ನ ಅವ್ವ, ಭಾಲ್ಕಿಯಿಂದ ಅತ್ತೆ ಮಾವ, ಔರಾದಿನಿಂದ ನಮ್ಮವರ ಅಕ್ಕ ಮತ್ತು ಭಾವ. ಮೂರು ತಾಲ್ಲೂಕಿನವರು ಒಂದೇ ವಿಡಿಯೋ ಕಾಲಿನಲ್ಲಿ. ನಮಗೆ ರಾತ್ರಿ ಎಂಟೂವರೆ, ಅವರಿಗೆ ಸಂಜೆ ಆರು. ಅತ್ತೆಗೆ ದೀಪ ಹಚ್ಚುವ ಹೊತ್ತು, ಭಾವನಿಗೆ ಎಮ್ಮೆ ಹಿಂಡುವ ಹೊತ್ತು, ಆದ್ದರಿಂದ ಚರ್ಚೆಯ ನಡುನಡುವೆ ಊದಿನಕಡ್ಡಿಯೂ ಬರುತ್ತಿತ್ತು, ಎಮ್ಮೆಯ ಮುಖವೂ ಬರುತ್ತಿತ್ತು.

ರಜೆ ಅಂದರೆ ಒಬ್ಬರೂ ಬರುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಅದಕ್ಕೆ ನಮ್ಮವರು ಭಾಲ್ಕಿಯದೇ ಹಳೆಯ ವಿದ್ಯೆಯನ್ನು ಹೊರತೆಗೆದರು. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಮ್ಮವರು ಹೊರಗೆ "ಬಾಲಿ ತೀರ್ಥಯಾತ್ರೆ" ಎಂದು ಬೋರ್ಡು ತೂಗುಹಾಕಿದರು. ಒಳಗೆ ಈಜುಕೊಳವಿರುವ ಬಂಗಲೆ, ಎಣ್ಣೆ ಮಾಲಿಶು, ಮಧ್ಯಾಹ್ನದ ನಿದ್ದೆ. ಪಟ್ಟದ್ದೇವರ ಉಪಾಯ ಇಷ್ಟು ಸಣ್ಣ ಕೆಲಸಕ್ಕೆ ಬಳಕೆಯಾದದ್ದು ಬಹುಶಃ ಇದೇ ಮೊದಲು.

ಬೋರ್ಡಿಗೆ ಸಾಮಗ್ರಿಯೇನೂ ಕಡಿಮೆ ಇರಲಿಲ್ಲ. ಬಾಲಿಯ ಜನರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಹಿಂದೂಗಳು. ಆಗುಂಗ್ ಬೆಟ್ಟದ ಮೈಮೇಲೆ ಬೆಸಾಕಿ ದೇವಾಲಯ, ಸಮುದ್ರದೊಳಗಿನ ಬಂಡೆಯ ಮೇಲೆ ತಾನಾ ಲೊಟ್, ಸೊಂಟಮಟ್ಟದ ನೀರಿನಲ್ಲಿ ನಿಂತು ಬುಗ್ಗೆಗೆ ತಲೆಯೊಡ್ಡುವ ತೀರ್ಥ ಎಂಪುಲ್. ನಮ್ಮವರು ಒಂದೊಂದೇ ಫೋಟೋ ತೋರಿಸುತ್ತ ಪುರಾಣಿಕರ ಧಾಟಿಯಲ್ಲಿ ಹೇಳಿದರು.

ಅವ್ವ ತೀರ್ಥ ಎಂಪುಲ್ ನೋಡಿದವಳೇ, "ನೀರಾಗ ನಿಂದ್ರಲಾಕ ಅಷ್ಟು ದೂರ ಯಾಕ? ಝರಣಿ ನರಸಿಂಹ ಇಲ್ಲೇ ಇಲ್ಲೇನು?" ಅಂದಳು. ಅವಳ ಮಾತಿನಲ್ಲೂ ಹುರುಳಿದೆ. ಬೀದರಿನ ನರಸಿಂಹ ಝರಣಿಯಲ್ಲಿ ದೇವರನ್ನು ಕಾಣಬೇಕಾದರೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು ಮುನ್ನೂರು ಮೀಟರ್ ನಡೆಯಬೇಕು, ತಲೆಯ ಮೇಲೆ ಬಾವಲಿಗಳು ಜೋತುಬಿದ್ದಿರುತ್ತವೆ. ಆ ಯಾತ್ರೆ ಮಾಡಿದವಳಿಗೆ ಬಿಸಿಲಿನಲ್ಲಿ, ಬಯಲಿನಲ್ಲಿ, ಬಾವಲಿಯೇ ಇಲ್ಲದ ನೀರಿನಲ್ಲಿ ನಿಲ್ಲುವುದು ಯಾವ ಪುಣ್ಯ?

ಮಾವನವರದು ಇನ್ನೂ ಕಠಿಣ. ಅವರು ಬಸವಣ್ಣನ ಮಂದಿ. ಬೆಳಗಾದರೆ ಇಷ್ಟಲಿಂಗ ಪೂಜೆ, ಆಮೇಲೆ ಹೊಲ. "ಗುಡಿ ಗುಡಿ ತಿರುಗಲಾಕ ನಾವೇನು ದೇವರನ ಕಳ್ಕೊಂಡೀವೇನು?" ಎಂದು ಒಂದೇ ಮಾತಿನಲ್ಲಿ ಬೋರ್ಡು ಕಿತ್ತು ಹಾಕಿದರು. ನಮ್ಮವರು ಮೆಲ್ಲಗೆ, "ಹಂಗಿದ್ರ ವಿಶ್ರಾಂತಿಗಂತ ಬರ್ರಿ ಅಪ್ಪಾ" ಅಂದರು. "ದುಡಿದಾಂವಗ ವಿಶ್ರಾಂತಿ. ನೀ ನೌಕರಿ ಮಾಡೋದು ಕುಂತು, ರಜಾ ಹಾಕಿ ಮತ್ತ ಕುಂದ್ರಲಾಕ ಹೋಗ್ತೀ?" ನಮ್ಮವರು ಮ್ಯೂಟ್ ಒತ್ತಿದರು.

ಕಾಪಾಡಿದ್ದು ಔರಾದಿನ ಅಕ್ಕ. "ಅಲ್ಲಿ ನೀರು ಅದ ಇಲ್ಲೋ?" ಎಂದು ಕೇಳಿದರು. ಸುತ್ತೆಲ್ಲ ನೀರೇ ಎಂದೆ. "ಹಂಗಿದ್ರ ನಾ ಬರ್ತೀನಿ ನೋಡವ್ವಾ. ಬ್ಯಾಸಿಗ್ಯಾಗ ಔರಾದ್ ಮಂದಿಗಿ ನೀರು ನೋಡೋದೇ ಯಾತ್ರಾ." ಕಾರಂಜಾ ಡ್ಯಾಮಿನ ದಂಡೆಯಲ್ಲಿ ನಿಂತು ಸಮುದ್ರ ಹೀಗೇ ಇರಬೇಕು ಎಂದುಕೊಂಡು ಬೆಳೆದವರು ನಾವೆಲ್ಲ. ಕರ್ನಾಟಕದ ಕಿರೀಟ ಎಂದು ನಮ್ಮ ಜಿಲ್ಲೆಯನ್ನು ಹೊಗಳುತ್ತಾರಲ್ಲ, ಕಡಲು ಇರುವುದು ಕಾಲಿನ ಕಡೆ.

ಆಮೇಲೆ ಬಂತು ರೊಕ್ಕದ ಮಾತು. ನಮ್ಮ ಒಂದು ರೂಪಾಯಿಗೆ ಇಂಡೋನೇಷ್ಯಾದ ರುಪಿಯಾ ಆಗ 180ರ ಮೇಲೆ ಸಿಗುತ್ತಿತ್ತು. ಭಾರತದ ಪಾಸ್‌ಪೋರ್ಟಿನವರು ಅಲ್ಲಿ ಇಳಿದ ಮೇಲೆ ವೀಸಾಕ್ಕೆ 5 ಲಕ್ಷ ರುಪಿಯಾ ಕಟ್ಟಬೇಕು, 2024ರಿಂದ ದ್ವೀಪದ ಪ್ರವಾಸಿ ಕರ ಅಂತ ಮೇಲೆ ಒಂದೂವರೆ ಲಕ್ಷ. ನಮ್ಮವರು ಲೆಕ್ಕವನ್ನು ರುಪಿಯಾದಲ್ಲೇ ಓದಿದರು. ಮಾವನವರ ಕಿವಿಗೆ ಬಿದ್ದದ್ದು ಲಕ್ಷ ಒಂದೇ. "ಬರೇ ಬಾಗಲಾಗ ಬಿಟ್ಕೊಳ್ಳಲಾಕ ಐದು ಲಕ್ಷ? ಅಷ್ಟರಾಗ ದೇವಣಿ ಎತ್ತು ಎರಡು ಜೋಡಿ ಬರ್ತಾವ, ಹತ್ತು ವರ್ಷ ದುಡೀತಾವ!" ಎಳನೀರಿಗೆ ಇಪ್ಪತ್ತೈದು ಸಾವಿರ ಎಂದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಔರಾದಿನ ಭಾವ ಮಾತ್ರ ಎಮ್ಮೆಯನ್ನು ಅರ್ಧಕ್ಕೆ ಬಿಟ್ಟು ಫೋನಿನಲ್ಲೇ ಗುಣಾಕಾರ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಅವರ ಮುಖ. "ಏ, ಹತ್ತು ಕ್ವಿಂಟಲ್ ತೊಗರಿ ಮಾರಿದ್ರ ಅಲ್ಲಿ ಕೋಟಿ ದಾಟ್ತದ! ಅಲ್ಲಿ ನಾವು ಕೋಟ್ಯಧೀಶರು!" ತಾನು ಕೋಟ್ಯಧೀಶನಾಗುವ ದೇಶವನ್ನು ನೋಡದೆ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿಬಿಟ್ಟರು.

ಹೋಗುವ ದಾರಿಯ ಜಗಳ ನಮ್ಮ ಜಿಲ್ಲೆಯ ಭೂಗೋಳವನ್ನೇ ಬಿಚ್ಚಿಟ್ಟಿತು. ಹೈದರಾಬಾದ್ ಬೀದರ್ ಶಹರಕ್ಕೆ ನೂರೈವತ್ತು ಕಿಲೋಮೀಟರಿನೊಳಗೆ, ಅಲ್ಲಿಂದ ವಿಮಾನ ಹತ್ತುವುದು ಲೋಕಾರೂಢಿ. ಭಾಲ್ಕಿಗೆ ರೈಲು ಬರುತ್ತದೆ, ಔರಾದ್ ಪಟ್ಟಣಕ್ಕೆ ಹಳಿಯೇ ಇಲ್ಲ. ಆದರೆ ಭಾವನ ಹಟ ಬೇರೆ: ಬೀದರಿನಿಂದಲೇ ವಿಮಾನ ಹತ್ತಬೇಕು, ಬೆಂಗಳೂರಿಗೆ ಹೋಗಿ ಅಲ್ಲಿಂದ ಬಾಲಿಗೆ. ಬೀದರಿನ ನಾಗರಿಕ ವಿಮಾನ ಸೇವೆ 2020ರ ಫೆಬ್ರುವರಿಯಲ್ಲಿ ಶುರುವಾಯಿತು, 2023ರ ಕೊನೆಗೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. "ಮತ್ತ ನಿಂದ್ರೂದ್ರಾಗ ಒಮ್ಮೆ ಕುಂತು ಬಿಡೋಣ" ಎಂಬುದು ಭಾವನ ವಾದ. ಇದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಊಟದ ವಿಷಯ ಅತ್ತೆಯ ಖಾತೆ. ಗಾಡೊ ಗಾಡೊ ಎಂಬ ತಿನಿಸಿನ ಫೋಟೋ ಕಳಿಸಿದೆ: ಬೇಯಿಸಿದ ತರಕಾರಿ, ಮೇಲೆ ಶೇಂಗಾದ ಗೊಜ್ಜು. "ಇದೇನು, ಶೇಂಗಾ ಹಿಂಡಿಗಿ ನೀರು ಹಾಕಿ ಕೆಡಿಸ್ಯಾರ" ಅಂದರು. ಆ ಗೊಜ್ಜಿನಲ್ಲಿ ಕೆಲವರು ಸೀಗಡಿಯ ಮುದ್ದೆಯನ್ನೂ ಸೇರಿಸುತ್ತಾರೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಯಾತ್ರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳದಿದ್ದರೂ ಅತ್ತೆ ಊಟವನ್ನೆಲ್ಲ ಮನೆಯಿಂದಲೇ ಕಟ್ಟಿಕೊಳ್ಳುವುದೆಂದು ತೀರ್ಮಾನಿಸಿದರು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಣಗಿಸಿದ ಪುಂಡಿಸೊಪ್ಪು, ಮಾದಲಿ. ಬಟ್ಟೆಗೆ ಜಾಗ ಉಳಿದರೆ ನೋಡೋಣ ಎಂದರು. ನಿಜ ಹೇಳಬೇಕೆಂದರೆ ನಮ್ಮವರ ಕಣ್ಣು ಇದರ ಮೇಲೇ ಇತ್ತು. ಬಾಲಿಯಲ್ಲಿ ಉಳಿದ ರೊಟ್ಟಿ ಪರ್ತ್‌ಗೆ ಬರುತ್ತದಲ್ಲ! ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತಿನ್ನುವ ಪದಾರ್ಥ ಇದೆ ಎಂದು ಕಾರ್ಡಿನಲ್ಲಿ ಬರೆದು ಕೊಡಬೇಕು, ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಪುಂಡಿಸೊಪ್ಪನ್ನು ಅಲ್ಲಿನ ಅಧಿಕಾರಿಗೆ ಏನೆಂದು ವಿವರಿಸುವುದು ಎಂಬುದಕ್ಕೆ ನಮ್ಮವರು ಈಗಿನಿಂದಲೇ ತಾಲೀಮು ನಡೆಸಿದ್ದಾರೆ.

ವಾರ ಗೊತ್ತಾದದ್ದು ಅಗ್ಗದ ಮೇಲೆ. ತೊಗರಿ ರಾಶಿ ಮುಗಿದಿರಬೇಕು, ಶಿವರಾತ್ರಿ ಕಳೆದಿರಬೇಕು, ಟಿಕೆಟ್ಟು ಸೋವಿಯಾಗಿರಬೇಕು. 2026ರ ಮಾರ್ಚ್ 16ರಿಂದ 22. ಅಲ್ಲಿ ಮಳೆಗಾಲದ ಬಾಲ, ಇಲ್ಲಿ ಶಾಲೆಗೆ ರಜೆ ಇಲ್ಲ, ಅದಕ್ಕೇ ಇಷ್ಟು ಸೋವಿ ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡೆವು. ಆಗ ಮಗ ಬಂದು, "ಪಪ್ಪಾ, 19ನೇ ತಾರೀಖು ಬಾಲಿಯ ವಿಮಾನ ನಿಲ್ದಾಣವೇ ಬಂದ್ ಅಂತೆ" ಅಂದ.

ಮಾರ್ಚ್ 19 ನಮ್ಮ ಉಗಾದಿ. ಬಾಲಿಯವರಿಗೆ ಅಂದೇ ನ್ಯೇಪಿ. ಅವರದೂ ಶಕ ವರ್ಷವೇ, ನಮ್ಮ ಪಂಚಾಂಗದಂತೆ ಅವರಿಗೂ ಅಂದು ಶಕ 1948 ಹುಟ್ಟುತ್ತದೆ. ಆದರೆ ನಾವು ಹೋಳಿಗೆ ಮಾಡಿದರೆ ಅವರು ಏನೂ ಮಾಡುವುದಿಲ್ಲ. ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ಬೆಂಕಿ ದೀಪ ಹಚ್ಚಬಾರದು, ಕೆಲಸ ಮಾಡಬಾರದು, ಹೊರಗೆ ಹೋಗಬಾರದು, ಮೋಜು ಮಾಡಬಾರದು. ಬೀದಿಯಲ್ಲಿ ಪೆಚಾಲಾಂಗ್ ಎಂಬ ಊರ ಕಾವಲುಗಾರರು ಮಾತ್ರ. ಪ್ರವಾಸಿಗಳು ತಮ್ಮ ಹೋಟೆಲಿನಲ್ಲೇ ಪರದೆ ಎಳೆದುಕೊಂಡಿರಬೇಕು. 2018ರಿಂದ ಅಂದು ಮೊಬೈಲ್ ಇಂಟರ್‌ನೆಟ್ಟೂ ಇಲ್ಲ. ಹಿಂದಿನ ಸಂಜೆ ಓಗೊ ಓಗೊ ಎಂಬ ಭಾರೀ ಭೂತಗಳ ಮೆರವಣಿಗೆ ಮಾಡಿ ಗದ್ದಲ ಎಬ್ಬಿಸುತ್ತಾರೆ. ಮರುದಿನ ದುಷ್ಟಶಕ್ತಿಗಳು ಬಂದು ನೋಡಿ, ಇಲ್ಲಿ ಮನುಷ್ಯರೇ ಇಲ್ಲ ಎಂದುಕೊಂಡು ಮುಂದೆ ಹೋಗಲಿ ಎಂಬುದು ಅವರ ನಂಬಿಕೆ.

"ಬ್ಯಾಂಕಿನವ್ರು ಬಂದ್ರ ನಮ್ಮ ಊರಾಗೂ ಹಿಂಗೇ ಮಾಡ್ತಾರ" ಎಂದು ಔರಾದಿನ ಅಕ್ಕ ನಕ್ಕರು. ಅತ್ತೆ ನಗಲಿಲ್ಲ. "ವರ್ಷದ ಮೊದಲ ದಿನ ಒಲಿ ಹಚ್ಚಬಾರದಾ? ಬೇವು ಬೆಲ್ಲ ಇಲ್ಲಾ? ಬಾಯಿ ಮುಚ್ಕೊಂಡು ಕತ್ತಲಾಗ ಕುಂದ್ರೋದಾ?" ಬಾಲಿಯಲ್ಲಿ ಬೇವಿನ ಗಿಡ ಇದೆ, ಅಲ್ಲಿ ಇಂತಾರನ್ ಅನ್ನುತ್ತಾರೆ, ಹಿಂದಿನ ದಿನವೇ ತಂದಿಡೋಣ, ಊಟ ಹೋಟೆಲಿನವರು ಕೊಡುತ್ತಾರೆ ಎಂದೆಲ್ಲ ಹೇಳಿದೆ. ಅವರ ತೊಂದರೆ ಬೇವಿನದಲ್ಲ. ಮದುವೆಯಾಗಿ ಬಂದಂದಿನಿಂದ ಅವರು ಒಲೆ ಹಚ್ಚದ ಹಬ್ಬವನ್ನೇ ಕಂಡಿಲ್ಲ. ಒಂದು ದಿನ ಏನೂ ಮಾಡಬೇಡಿ ಅಂದರೆ ಏನು ಮಾಡುವುದು ಎಂಬುದೇ ಅವರಿಗೆ ತಿಳಿಯದು.

ನಮ್ಮವರ ಮುಖವೂ ಇಳಿದಿತ್ತು. ಏನೂ ಮಾಡದೆ ಇರಲಿಕ್ಕೇ ಇಷ್ಟೆಲ್ಲ ಹೂಡಿದ ಮನುಷ್ಯ, ಇಂಟರ್‌ನೆಟ್ ಇರುವುದಿಲ್ಲ ಎಂದ ಕೂಡಲೇ, "ವಾರ ಬದಲಿ ಮಾಡೋಣೇನು?" ಎಂದು ಕೇಳಿದರು.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಮಾವನವರು ಬಾಯಿ ತೆರೆದರು. ನಿಜಾಮರ ಕಾಲದ ರಜಾಕಾರರ ಹಾವಳಿಯಲ್ಲಿ ತಮ್ಮ ಅವ್ವ ದೀಪ ಆರಿಸಿ, ಮಕ್ಕಳ ಬಾಯಿ ಮುಚ್ಚಿ, ರಾತ್ರಿಯೆಲ್ಲ ಕೂಡುತ್ತಿದ್ದಳಂತೆ. "ಅಂಜಿಕಿಲ್ಲದೆ ಕತ್ತಲಾಗ ಕುಂದ್ರೋದು ಹ್ಯಾಂಗಿರ್ತದ ನೋಡೋಣಲ್ಲ. ಇದು ಗುಡಿ ತಿರುಗೋದಕ್ಕಿಂತ ಛಲೋ ಅದ. ನಾ ಬರ್ತೀನಿ." ಹಾಕಿದ ಯಾವ ಬೋರ್ಡಿಗೂ ಮಣಿಯದವರು ಬೋರ್ಡೇ ಇಲ್ಲದ ಒಂದು ದಿನಕ್ಕೆ ಒಪ್ಪಿಬಿಟ್ಟರು. ಮಾವನವರು ಬರುತ್ತಾರೆ ಅಂದ ಮೇಲೆ ಅತ್ತೆ ಬಂದರು, ಅತ್ತೆ ಬಂದರೆ ರೊಟ್ಟಿ ಬಂದಂತೆ. ಅವ್ವ ಮಾತ್ರ ಆ ಕತ್ತಲಲ್ಲಿ ಬಾವಲಿ ಇರುವುದಿಲ್ಲ ಎಂದು ನನ್ನಿಂದ ಭಾಷೆ ತೆಗೆದುಕೊಂಡಳು.

ಟಿಕೆಟ್ಟು ಆಗಿದೆ. ಬಾಲಿಗೆ ಹೊರಡುವ ಯೋಚನೆ ಇರುವ ಕನ್ನಡಿಗರಿಗೆ ಒಂದು ಮಾತು: ನ್ಯೇಪಿ ಪ್ರತಿ ವರ್ಷವೂ ಉಗಾದಿಗೇ ಬರುತ್ತದೆ ಎಂದು ನಂಬಿಕೊಳ್ಳಬೇಡಿ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು, ಮರುವರ್ಷ ನ್ಯೇಪಿ ಮಾರ್ಚ್ 11ಕ್ಕೆ, ಉಗಾದಿ ಏಪ್ರಿಲ್ 9ಕ್ಕೆ. ಮೊದಲು ಬಾಲಿಯ ಕ್ಯಾಲೆಂಡರ್ ನೋಡಿ, ಆಮೇಲೆ ಬೀಗರಿಗೆ ಫೋನ್ ಮಾಡಿ.