ಭೂಪರಿವರ್ತನಾ ಮೀಮಾಂಸೆ: ಗೊರವನಹಳ್ಳಿ ಪ್ರಕರಣ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿ ಗುಡಿಯಲ್ಲಿದ್ದಾಳೆ, ಭೂದೇವಿ ಪಹಣಿಯಲ್ಲಿದ್ದಾಳೆ. ಸವತಿಯರಿಬ್ಬರನ್ನೂ ಒಂದೇ ಕ್ರಯಪತ್ರದಲ್ಲಿ ಕೂರಿಸುವ ವಿದ್ಯೆಯೇ ಭೂಪರಿವರ್ತನೆ. ಇದರ ಮೂಲಸೂತ್ರ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ. ಭಾಷ್ಯಕಾರರು ಇಬ್ಬರು: ಲೇಔಟ್ ಮಾಡುವವರು, ಅದಕ್ಕೆ ಸಹಿ ಹಾಕುವವರು. ಇವರಲ್ಲಿ ಗುರು ಯಾರು, ಶಿಷ್ಯ ಯಾರು ಎಂಬುದನ್ನು ಚುನಾವಣೆ ಎಷ್ಟು ದೂರವಿದೆ ಎಂದು ನೋಡಿ ಹೇಳಬೇಕು.

ರಾಗಿ ಹೊಲ ಸೈಟಾಗುವುದು ಯಾವ ಕ್ಷಣದಲ್ಲಿ? ಜಿಲ್ಲಾಧಿಕಾರಿಯ ಆದೇಶ ಬಂದಾಗ ಎಂಬುದು ಪೂರ್ವಪಕ್ಷ. ಪಾಪ, ಓದಿಕೊಂಡವರು. ಸಿದ್ಧಾಂತ ಬೇರೆ: ಸುಣ್ಣ ಬಳಿದ ಕಲ್ಲು ನೆಟ್ಟು, ಕಮಾನು ನಿಲ್ಲಿಸಿ, ‘ದೇವಸ್ಥಾನಕ್ಕೆ ಕೂಗಳತೆ’ ಎಂದು ಬೋರ್ಡು ತಗುಲಿಸಿದ ಕ್ಷಣದಲ್ಲಿ. ಎಷ್ಟು ಜೋರಾಗಿ ಕೂಗಬೇಕೆಂಬ ಬಗ್ಗೆ ಶಾಸ್ತ್ರ ಮೌನ. ಆದೇಶವೆಂಬುದು ಮದುವೆಯಾದ ಮೇಲೆ ನಡೆಯುವ ನಿಶ್ಚಿತಾರ್ಥ.

ಈ ದರ್ಶನದ ಕಿರೀಟ ಬಿ-ಖಾತಾ. ಅದ್ವೈತಿಗಳು ಮಾಯೆಯನ್ನು ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ ಎಂದಷ್ಟೇ ಹೇಳಿದ್ದರು. ಬೆಂಗಳೂರು ಪಾಲಿಕೆ ಅದನ್ನು ರಿಜಿಸ್ಟರಿನಲ್ಲೇ ತೋರಿಸಿತು. ತೆರಿಗೆ ಕಟ್ಟಿಸಿಕೊಂಡಿದ್ದರಿಂದ ಸ್ವತ್ತು ಇದೆ. ಜಮೀನು ಪರಿವರ್ತನೆಯಾಗದ್ದರಿಂದ ಇಲ್ಲ. 2025ರಲ್ಲಿ ಈ ತತ್ತ್ವ ರಾಜ್ಯದ ಉಳಿದ ನಗರ, ಪಟ್ಟಣಗಳಿಗೂ ಹಬ್ಬಿತು. ಹಳ್ಳಿಗಳೇನೂ ಅಜ್ಞಾನದಲ್ಲಿರಲಿಲ್ಲ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ಮೊದಲೇ ನಮೂನೆ 11-ಬಿ ಇತ್ತು.

ಪ್ರಾಯಶ್ಚಿತ್ತವೂ ಉಂಟು. ಅಕ್ರಮ-ಸಕ್ರಮ ವಿಧಿಯಂತೆ ದಂಡ ಕಟ್ಟಿದರೆ ವಾಸದ ಮನೆಯಲ್ಲಿ ಶೇ. 50ರವರೆಗಿನ ಉಲ್ಲಂಘನೆ ತೊಳೆದುಹೋಗುತ್ತಿತ್ತು, ವಾಣಿಜ್ಯ ಕಟ್ಟಡದಲ್ಲಿ ಶೇ. 25ರವರೆಗೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ತಥಾಸ್ತು ಎಂದಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆಯಿತು. ತೀರ್ಥದ ಸಾಲು ಕರಗಿಲ್ಲ.

ಮಹಾನಕ್ಷೆಯ ಅಧ್ಯಾಯ ಚಿಕ್ಕದು. ಬೆಂಗಳೂರಿನ 2031ರ ಕರಡು 2020ರಲ್ಲಿ ಹಿಂದಕ್ಕೆ ಹೋಯಿತು. 2015ಕ್ಕೆಂದು ಬರೆದ ನಕ್ಷೆಯಲ್ಲೇ ರಾಜಧಾನಿ ಬೆಳೆಯುತ್ತಿತ್ತು, ಬೆಳೆಯುತ್ತಾ ನಮ್ಮ ತುಮಕೂರು ಸೀಮೆಯ ಕಡೆಗೂ ಕೈಚಾಚಿತು.

ಅದೇ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂಗಳು ಹೋದವು. ನೇಗಿಲು ಮುಟ್ಟದವರೂ ಹೊಲ ಕೊಳ್ಳಬಹುದು. ಆದ್ದರಿಂದ ಶುಕ್ರವಾರ ಅಮ್ಮನವರ ದರ್ಶನ ಮುಗಿಸಿ, ಅದೇ ಭಕ್ತಿಯಲ್ಲಿ ಅಡ್ವಾನ್ಸ್ ಕೊಡಲು ಹೊರಟಿರುವ ಜಿಜ್ಞಾಸುಗಳಲ್ಲಿ ಒಂದು ವಿನಂತಿ. ಇಲ್ಲಿ ಹತ್ತಿರದಲ್ಲೇ ಜಯಮಂಗಲಿ ನದಿಯ ತೀತಾ ಜಲಾಶಯವಿದೆ, ಅದರತ್ತ ಹರಿಯುವ ಹಳ್ಳಗಳಿವೆ. ಬ್ರೋಷರಿನ ಬಣ್ಣದ ಉದ್ಯಾನವನ್ನು ಗ್ರಾಮನಕ್ಷೆಯ ಮೇಲಿಟ್ಟು ನೋಡಿ. ಅಲ್ಲಿ ಬಿ-ಖರಾಬು ಎಂದು ಕಂಡರೆ ದುಡ್ಡು ಜೇಬಿನಲ್ಲೇ ಇರಲಿ.