ತೈಲಮೌನ ಮೀಮಾಂಸೆ

ಪೆಟ್ರೋಲ್ ದರವು ಅಚೇತನವೆಂದು ಹಿಂದಿನ ಪಂಡಿತರು ತಿಳಿದಿದ್ದರು. ಅದಕ್ಕೆ ಕಣ್ಣು, ಕಿವಿ ಮತ್ತು ಮತದಾರರ ಪಟ್ಟಿಯ ಜ್ಞಾನ ಮೂರೂ ಉಂಟೆಂದು ಸಾಧಿಸುವುದೇ ಈ ಪ್ರಬಂಧದ ಉದ್ದೇಶ.

ಪೂರ್ವಪಕ್ಷ ಹೀಗಿದೆ: ಪೆಟ್ರೋಲ್ ದರದ ಮೇಲಿನ ಸರ್ಕಾರಿ ಹಿಡಿತ 2010ರಲ್ಲೂ ಡೀಸೆಲ್‌ನದು 2014ರಲ್ಲೂ ಬಿಟ್ಟುಹೋಯಿತು, 2017ರ ಜೂನ್ 16ರಿಂದ ದೇಶದೆಲ್ಲೆಡೆ ದರ ದಿನದಿನವೂ ಪರಿಷ್ಕರಣೆಯಾಗುತ್ತದೆ, ಕಚ್ಚಾ ತೈಲ, ಡಾಲರು ಕುಣಿಸಿದಂತೆ ಅದು ಕುಣಿಯುತ್ತದೆ, ಸರ್ಕಾರ ಬರೀ ಪ್ರೇಕ್ಷಕ. ಈ ವ್ಯಾಪಾರದ ದೊಡ್ಡ ಕಂಪನಿಗಳು ಸರ್ಕಾರದವೇ ಎಂಬುದನ್ನು ಪೂರ್ವಪಕ್ಷದವರು ಎತ್ತುವುದಿಲ್ಲ. ಸೌಜನ್ಯಕ್ಕಾಗಿ ನಾವೂ ಒತ್ತಿ ಹೇಳುವುದಿಲ್ಲ.

ಈಗ ಪ್ರಮಾಣ. 2018ರ ಏಪ್ರಿಲ್ 24ರಂದು ದಿಲ್ಲಿಯ ಪೆಟ್ರೋಲು 74.63 ರೂಪಾಯಿಯ ಮೇಲೆ ಪದ್ಮಾಸನ ಹಾಕಿ ಕೂತಿತು. ಹೊರಗೆ ಕಚ್ಚಾ ತೈಲ ಏರುತ್ತಿದ್ದರೂ ಕಣ್ಣು ತೆರೆಯಲಿಲ್ಲ. ಮೇ 12, ಶನಿವಾರ, ಕರ್ನಾಟಕ ಮತ ಹಾಕಿತು. ಭಾನುವಾರ ರಜೆ, ದರಕ್ಕೂ ಸಂಸಾರವಿರುತ್ತದೆ. ಸೋಮವಾರ ಬೆಳಿಗ್ಗೆ 17 ಪೈಸೆ ಏರಿತು. ಮತ ಹಾಕಿದವರು ನಾವು, ಮೌನದ ಫಲ ಇಡೀ ದೇಶಕ್ಕೆ. ಕನ್ನಡಿಗರ ಔದಾರ್ಯಕ್ಕೆ ಇದಕ್ಕಿಂತ ದೊಡ್ಡ ಶಾಸನ ಸಿಕ್ಕಿಲ್ಲ.

2021ರ ನವೆಂಬರ್ 2ರಂದು ಬಂದ ಉಪಚುನಾವಣೆಗಳ ಫಲಿತಾಂಶದಲ್ಲಿ ಆಳುವ ಪಕ್ಷ ಹಿಮಾಚಲದ ನಾಲ್ಕೂ ಸ್ಥಾನಗಳಲ್ಲಿ ಸೋತಿತು. ಇಲ್ಲಿ ಕರ್ನಾಟಕದಲ್ಲಿ ಆಗಿನ ಮುಖ್ಯಮಂತ್ರಿಗಳ ಹಾವೇರಿ ಜಿಲ್ಲೆಯ ಹಾನಗಲ್ಲೂ ಹೋಯಿತು. ಮರುದಿನವೇ ಕೇಂದ್ರದ ಅಬಕಾರಿ ಸುಂಕ ಪೆಟ್ರೋಲಿಗೆ 5, ಡೀಸೆಲ್ಲಿಗೆ 10 ರೂಪಾಯಿ ಇಳಿಯಿತು. ರಾಜ್ಯವೂ ಏಳೇಳು ರೂಪಾಯಿ ಇಳಿಸಿತು. ದೀಪಾವಳಿ ಉಡುಗೊರೆ ಎಂದು ಅಧಿಕೃತ ಭಾಷ್ಯ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಾವೂ ಒಪ್ಪುತ್ತೇವೆ. ಕಾಗೆ ಹಾನಗಲ್ಲಿನದೆಂಬುದಷ್ಟೇ ನಮ್ಮ ವಾದ.

ಅಲ್ಲಿಂದ ಚಾತುರ್ಮಾಸ್ಯ. ಉತ್ತರ ಪ್ರದೇಶ ಮೊದಲಾದ ಐದು ರಾಜ್ಯಗಳ ಚುನಾವಣೆ ಮುಗಿಯುವವರೆಗೂ, ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ನೂರು ಡಾಲರ್ ದಾಟಿದರೂ, ಕಂಪನಿಗಳು ತುಟಿ ಬಿಚ್ಚಲಿಲ್ಲ. ಮಾರ್ಚ್ 10ಕ್ಕೆ ಫಲಿತಾಂಶ, 22ಕ್ಕೆ ವ್ರತಭಂಗ. ಏಪ್ರಿಲ್ 6ರೊಳಗೆ ಲೀಟರಿಗೆ 10 ರೂಪಾಯಿ ಪಾರಣೆ.

ಇದು ಒಂದೇ ಪಕ್ಷದ ವಿದ್ಯೆಯೆಂದು ಯಾರೂ ಹಿಗ್ಗಬೇಕಿಲ್ಲ. 2024ರ ಮಾರ್ಚ್ 14ರಂದು ಕೇಂದ್ರ 2 ರೂಪಾಯಿ ಇಳಿಕೆ ಸಾರಿತು. 16ಕ್ಕೆ ಚುನಾವಣಾ ವೇಳಾಪಟ್ಟಿ ಬಂತು. ಜೂನ್ 4ಕ್ಕೆ ಫಲಿತಾಂಶ. 15ಕ್ಕೆ ಕರ್ನಾಟಕ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿ ಪೆಟ್ರೋಲಿಗೆ 3 ರೂಪಾಯಿ ಏರಿಸಿತು. ದಿಲ್ಲಿಯ ಪಕ್ಷ ಬೇರೆ, ಬೆಂಗಳೂರಿನದು ಬೇರೆ, ಪಂಚಾಂಗ ಒಂದೇ.

ಮತದಾನಕ್ಕೆ ಮುನ್ನ ಸಿಹಿ, ಆಮೇಲೆ ಬಿಲ್ಲು ಎಂಬುದನ್ನು ಅಮೆರಿಕದ ವಿಲಿಯಂ ನಾರ್ಡ್‌ಹಾಸ್ 1975ರಲ್ಲೇ ಗಣಿತದಲ್ಲಿ ಬರೆದಿದ್ದರು. ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಹವಾಮಾನದ ಅರ್ಥಶಾಸ್ತ್ರಕ್ಕೆ. ಸಮಿತಿಯವರು ಅದೇ ವರ್ಷದ ನಮ್ಮ ಮೇ ತಿಂಗಳನ್ನು ಗಮನಿಸಿರಲಿಕ್ಕಿಲ್ಲ.

ಶತಕವಾದಿಗಳೆಂಬ ಪಂಥವೊಂದಿತ್ತು. ದರ ಎಷ್ಟಾದರೇನು, ನಾನು ಹಾಕಿಸುವುದು ನೂರೇ ರೂಪಾಯಿ ಎಂಬುದು ಅವರ ದರ್ಶನ. 2021ರಲ್ಲಿ ಲೀಟರೇ ನೂರು ದಾಟಿದ ಮೇಲೆ ಪಂಥ ಸೊರಗಿತು. ಬಂಕಿನ ಹುಡುಗ ಇಂದಿಗೂ "ಝೀರೋ ನೋಡ್ಕೊಳ್ಳಿ ಸಾರ್" ಅನ್ನುತ್ತಾನೆ. ಎಲ್ಲರೂ ಬಗ್ಗಿ ಸೊನ್ನೆಯನ್ನು ನೋಡುತ್ತಾರೆ. ಅದರ ಕೆಳಗಿನ ದರದ ಸಾಲನ್ನು ನೋಡುವವರಿಲ್ಲ.

ಆದಕಾರಣ ವಾಹನವುಳ್ಳ ಮತದಾರರು ಮತಗಟ್ಟೆಯಿಂದ ನೇರ ಬಂಕಿಗೆ ತೆರಳಿ, ಬೆರಳಿನ ಶಾಯಿ ಆರುವುದರೊಳಗೆ ಟ್ಯಾಂಕ್ ಭರ್ತಿ ಮಾಡಿಸಿಕೊಳ್ಳತಕ್ಕದ್ದು.