ಲಾಂಛನ ಜೀರ್ಣೋದ್ಧಾರ ಮೀಮಾಂಸೆ: ಬಾನೆಟ್ಟಿನ ಎತ್ತಿಗೆ ಬಣ್ಣ ಬಳಿಯುವ ಶಾಸ್ತ್ರ

ಯಾವ ಶಾಸ್ತ್ರಗ್ರಂಥಕ್ಕೇ ಆಗಲಿ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡೋಣ. ವಿಷಯ: ಹಳೆಯ ಮಾರಿಸ್ ಮೈನರ್ ಕಾರಿನ ಬಾನೆಟ್ಟಿನ ಮೇಲೆ ಬಣ್ಣ ಕಳೆದುಕೊಂಡು ನಿಂತಿರುವ ಎತ್ತು. ಪ್ರಯೋಜನ: ಆ ಎತ್ತು ಮತ್ತೆ ಕೆಂಪಗಾಗುವುದು. ಸಂಬಂಧ: ಕುಂಚಕ್ಕೂ ಎತ್ತಿಗೂ ಇರುವುದು. ಅಧಿಕಾರಿ ಯಾರು ಎಂಬಲ್ಲಿ ಮಾತ್ರ ಸ್ವಲ್ಪ ಜಿಜ್ಞಾಸೆ. ಕಾರಿನ ಒಡೆಯನೇ ಅಧಿಕಾರಿ ಎಂದು ಪೂರ್ವಪಕ್ಷ. ಹಾಗಲ್ಲ. ಕೈ ನಡುಗದವನು, ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಕೆಲಸ ಹೇಳದವನು, ‘ಹೊಸದೇ ಸಿಗತ್ತಲ್ರೀ’ ಎಂಬ ಮಾತಿಗೆ ಕಿವುಡಾಗಬಲ್ಲವನು. ಈ ಗುಣಗಳೆಲ್ಲ ಕೂಡಿದವನೇ ಅಧಿಕಾರಿ ಎಂದು ಸಿದ್ಧಾಂತ. ಇಂಥವನು ಲೋಕದಲ್ಲಿ ದುರ್ಲಭನಾದ್ದರಿಂದಲೇ ಈ ಶಾಸ್ತ್ರ ಇಷ್ಟು ಕಾಲ ಗ್ರಂಥಸ್ಥವಾಗದೆ ಉಳಿಯಿತು.

ಎತ್ತಿನ ವಂಶಾವಳಿ ತಿಳಿಯದೆ ಕುಂಚ ಹಿಡಿಯಬಾರದು. ಆಕ್ಸ್‌ಫರ್ಡ್ ಊರಿನ ಲಾಂಛನದಲ್ಲಿ ಬೆಳ್ಳಿಬಣ್ಣದ ಹಿನ್ನೆಲೆ, ಅದರ ಮೇಲೆ ಕೆಂಪು ಎತ್ತು, ಕಾಲ ಬುಡದಲ್ಲಿ ನೀಲಿ ಬಿಳಿ ಅಲೆಗಳ ಹೊಳೆ. ಎತ್ತು ಹೊಳೆ ದಾಟುತ್ತಿದೆ. ಆ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ವಿಲಿಯಂ ಮಾರಿಸ್ 1913ರಲ್ಲಿ ಕಾರು ಕಟ್ಟಿ ಮಾರತೊಡಗಿದ. ಮುಂದೆ ಊರಿನ ಎತ್ತೇ ಕಾರಿನ ಎತ್ತೂ ಆಯಿತು. ಮೈನರ್ ಲೋಕಕ್ಕೆ ಕಾಣಿಸಿಕೊಂಡದ್ದು 1948ರಲ್ಲಿ, ಅದರ ಶಿಲ್ಪಿ ಅಲೆಕ್ ಇಸಿಗೋನಿಸ್. ಮಾದರಿ ಕಾರು ತಯಾರಾದ ಮೇಲೆ ಯಾಕೋ ಸಣಕಲಾಯಿತೆಂದು ತೋರಿ, ಆತ ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳನ್ನೂ ದೂರ ಸರಿಸಿ ನೋಡಿ, 4 ಇಂಚು ಅಗಲ ಕೂಡಿಸಿದ. ಬಾನೆಟ್ಟಿನ ನಡುವೆ ಮೂತಿಯವರೆಗೆ ಇಳಿಯುವ ಉಬ್ಬುಪಟ್ಟಿ ಆ 4 ಇಂಚಿನ ಸಾಕ್ಷಿ. ಇದೇ ಕಾರನ್ನು ಉತ್ತರಪಾರದ ಹಿಂದೂಸ್ತಾನ್ ಮೋಟರ್ಸ್‌ನವರು ಬೇಬಿ ಹಿಂದೂಸ್ತಾನ್ ಎಂದು ನಾಮಕರಣ ಮಾಡಿ ಮಾರಿದ್ದೂ ಉಂಟು. ಬೆಂಗಳೂರು, ಮೈಸೂರಿನ ಹಳೆಯ ಮನೆಗಳ ಷೆಡ್ಡುಗಳಲ್ಲಿ ಇಂದಿಗೂ ಒಂದೊಂದು ಮೈನರ್ ಟಾರ್ಪಾಲು ಹೊದ್ದು ಮಲಗಿರುತ್ತದೆ.

ಇಲ್ಲೊಂದು ಉಪಪ್ರಶ್ನೆ: ಅದು ಎತ್ತೋ, ಗೂಳಿಯೋ? ಗ್ಯಾರೇಜಿನವರು ಗೂಳಿ ಎನ್ನುತ್ತಾರೆ, ಗತ್ತು ಹೆಚ್ಚೆಂದು. ಲಾಂಛನಶಾಸ್ತ್ರಿಗಳು ಎತ್ತು ಎನ್ನುತ್ತಾರೆ. ಗೂಳಿಪಕ್ಷದವರು ಭೂತಗನ್ನಡಿ ಹಿಡಿದು ಹಿಂಗಾಲ ಸಂದಿಯನ್ನೆಲ್ಲ ಶೋಧಿಸಿದರೂ ತಮ್ಮ ವಾದಕ್ಕೆ ಆಧಾರ ಕಾಣಲಿಲ್ಲ. ಎತ್ತೇ ಎಂದು ಇತ್ಯರ್ಥ.

ವರ್ಣನಾಶಕ್ಕೆ ಕಾರಣ ಬಿಸಿಲು ಎಂದು ಲೋಕ ಹೇಳುತ್ತದೆ. ಸುಳ್ಳೇನಲ್ಲ. ಕೆಂಪು ಬಣ್ಣದ್ರವ್ಯ ಬೆಳಕಿನ ನೀಲಿ ಮತ್ತು ಅತಿನೇರಳೆ ಭಾಗವನ್ನು, ಅಂದರೆ ಹೆಚ್ಚು ಶಕ್ತಿಯ ಭಾಗವನ್ನೇ ಹೀರಿಕೊಳ್ಳುತ್ತದೆ. ಹೀರಿ ಹೀರಿ ಕಡೆಗೆ ತಾನೇ ಒಡೆಯುತ್ತದೆ. ಅಲೆಗಳ ನೀಲಿ ಇನ್ನೂ ಗಟ್ಟಿಯಾಗಿರುವಾಗಲೇ ಎತ್ತು ಪೇಲವವಾಗುವುದು ಇದರಿಂದ. ಆದರೆ ಪ್ರಸ್ತುತ ಲೇಖಕನ ಮತದಲ್ಲಿ ಮುಖ್ಯ ಅಪರಾಧಿ ಭಕ್ತಿ. ಮನೆಗೊಬ್ಬ ಡ್ರೈವರ್ ಇದ್ದ ಕಾಲದಲ್ಲಿ ಬೆಳಿಗ್ಗೆ ಎದ್ದು ಲಾಂಛನಕ್ಕೆ ಹಿತ್ತಾಳೆ ಪಾಲಿಶ್ ಹಚ್ಚಿ ಉಜ್ಜುವುದು ನಿತ್ಯಕರ್ಮ. ಪಾಲಿಶಿನಲ್ಲಿರುವುದು ನಯವಾದ ಪುಡಿ. ಅದು ಹೊಳಪು ಕೊಡುವುದೇ ಮೇಲ್ಪದರವನ್ನು ತಿಂದು. ಉಬ್ಬಿದ ಜಾಗಗಳಾದ ಹೆಗಲು ಮತ್ತು ಪೃಷ್ಠ ಮೊದಲು ಬೋಳಾದವು, ತಗ್ಗಿನ ಬಣ್ಣ ಬದುಕಿತು. ಎತ್ತಿನ ಪೃಷ್ಠ ಎಷ್ಟು ಬೋಳೋ ಆ ಮನೆಯ ಡ್ರೈವರ್ ಅಷ್ಟು ನಿಷ್ಠಾವಂತ ಎಂದು ಊಹಿಸಲು ಅಡ್ಡಿಯಿಲ್ಲ.

ಇನ್ನು ಆಯುಧಪೂಜೆ. ವರ್ಷಕ್ಕೊಮ್ಮೆ ಬಾನೆಟ್ಟಿಗೆ ವಿಭೂತಿಯ ಗೆರೆ, ಅರಿಶಿನ ಕುಂಕುಮ, ಸೇವಂತಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು. ಬೊಟ್ಟಿಡುವ ಕೈ ಲಾಂಛನ ಕಂಡರೆ ತಾನಾಗಿ ಅತ್ತ ಹೋಗುತ್ತದೆ, ಅದರಲ್ಲೂ ಇವನು ಬಸವಣ್ಣ ಬೇರೆ. ದಶಕಗಳ ಕುಂಕುಮ ತಗ್ಗುಗಳಲ್ಲಿ ಎಣ್ಣೆ, ಧೂಳಿನೊಡನೆ ಸೇರಿ ಗಟ್ಟಿಯಾಗಿ ಉತ್ಖನನಯೋಗ್ಯ ಸ್ತರಗಳಾಗುತ್ತವೆ. ಹಲ್ಲುಕಡ್ಡಿಯ ತುದಿಯಿಂದ ಕೆರೆಯುತ್ತ ಹೋದರೆ ಮೇಲೆ ಕರಿ ಜಿಡ್ಡು, ಅದರ ಕೆಳಗೆ ಒಂದು ಕೆಂಪು, ಅದರ ಕೆಳಗೆ ಬಿಳಿ ಪುಡಿ (ವಿಭೂತಿಯೋ, ಒಣಗಿದ ಪಾಲಿಶೋ, ಮುಂದಿನ ಸಂಶೋಧಕರು ನೋಡಿಕೊಳ್ಳಲಿ), ಅದರ ಕೆಳಗೆ ಮತ್ತೊಂದು ಕೆಂಪು. ಯಾವ ಕೆಂಪು ಕಾರ್ಖಾನೆಯದು, ಯಾವುದು ಅಜ್ಜಿಯದು? ಸೋಪಿನ ನೀರಿಗೆ ಬಿಟ್ಟುಕೊಡುವುದು ಅಜ್ಜಿಯದು, ಥಿನ್ನರಿಗಷ್ಟೇ ಬಗ್ಗುವುದು ಕಾರ್ಖಾನೆಯದು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಹಳೇ ಕಾಲದ ಕುಂಕುಮವಾದರೆ ನಿಂಬೆರಸ ಬಿದ್ದಕೂಡಲೇ ಹಳದಿಗೆ ತಿರುಗುತ್ತದೆ. ಈ ಪರೀಕ್ಷೆಯನ್ನು ಕೆರೆದ ಪುಡಿಯ ಮೇಲೆ ತಟ್ಟೆಯಲ್ಲಿ ಮಾಡತಕ್ಕದ್ದು. ಲಾಂಛನದ ಮೇಲೆಯೇ ಹಿಂಡಿದರೆ ಪಾಪ ಸುತ್ತಿಕೊಳ್ಳುತ್ತದೆ. ಆ ಕಾಲದ ಲಾಂಛನಗಳು ಬಹುಮಟ್ಟಿಗೆ ಕ್ರೋಮ್ ಹೊದಿಸಿದ ಸತುವಿನ ಎರಕ, ಹುಳಿ ತಾಗಿದರೆ ಸತು ಕರಗುತ್ತದೆ.

ಸತುವಿನ ಮಾತು ಬಂದಾಗ ಕಣ್ಣಿನ ಸಮಸ್ಯೆ ಎತ್ತಲೇಬೇಕು. ಕ್ರೋಮಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ತೇವ ಒಳಗಿಳಿದು ಸತುವನ್ನು ಕೊರೆಯುತ್ತದೆ, ಮೇಲೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಗುಂಡಿಯಾಗುತ್ತದೆ. ಲೇಖಕನ ಅಧ್ಯಯನಕ್ಕೊಳಗಾದ ಎತ್ತಿನ ಮುಖದಲ್ಲಿ ಅಂಥ ಎರಡು ಗುಂಡಿಗಳಿವೆ. ಪಕ್ಕಕ್ಕೆ ತಿರುಗಿ ನಿಂತ ಎತ್ತಿಗೆ ಒಂದೇ ಕಣ್ಣು ಕಾಣಬೇಕು. ಎರಡರಲ್ಲಿ ಎರಕದವನು ಇಟ್ಟದ್ದು ಯಾವುದು, ಕಾಲ ಕೊರೆದದ್ದು ಯಾವುದು? ಶಾಸನ ಓದುವವರಿಗೆ ಇದು ಹಳೆಯ ತಲೆನೋವು: ಕಲ್ಲಿನ ಮೇಲಿನ ಚುಕ್ಕೆ ಅನುಸ್ವಾರವೋ, ಚಕ್ಕೆ ಎದ್ದ ಗುರುತೋ? ಹಲ್ಮಿಡಿಯ ಕಲ್ಲಿನ ಮೇಲೇ ವಿದ್ವಾಂಸರಿಗೆ ಒಮ್ಮತವಿಲ್ಲದಿರುವಾಗ ಎತ್ತಿನ ಮುಖದ ಮೇಲೆ ಬರುತ್ತದೆಂದು ಯಾರೂ ನಿರೀಕ್ಷಿಸಬಾರದು. ಸಂಶಯಕ್ಕೆ ಎಡೆ ಬೇಡವೆಂದು ಎರಡಕ್ಕೂ ಕಪ್ಪು ಇಟ್ಟರೆ, ಈ ಕಡೆ ಎರಡು, ಕಾಣದ ಕಡೆ ಒಂದು ಎಂಬ ಲೆಕ್ಕದಲ್ಲಿ ಎತ್ತು ಮುಕ್ಕಣ್ಣನಾಗುತ್ತದೆ. ವಾಹನವೇ ಒಡೆಯನಾಗುವುದು ಆಗಮಸಮ್ಮತವಲ್ಲ. ಮೂರ್ತಿಗೆ ಕಣ್ಣು ತೆರೆಸುವುದು ಕಟ್ಟಕಡೆಗೆ ಎಂಬ ಶಿಲ್ಪಿಗಳ ಸಂಪ್ರದಾಯವನ್ನು ಹಿಡಿದು ಲೇಖಕನೂ ತೀರ್ಮಾನವನ್ನು ಮುಂದೂಡಿದ್ದಾನೆ.

ಬಣ್ಣದ ಸ್ವರೂಪದ ಬಗ್ಗೆ ಮತತ್ರಯ ಪ್ರಸಿದ್ಧ. ದ್ವೈತಿಗಳ ಪ್ರಕಾರ ಲೋಹ ಬೇರೆ, ಬಣ್ಣ ಬೇರೆ. ಗಟ್ಟಿ ಎನಾಮೆಲ್ ಬಳಿಯಬೇಕು, ಕೆಳಗಿನದು ಕಾಣಕೂಡದು. ಅದ್ವೈತಿಗಳು ಪಾರದರ್ಶಕ ಕೆಂಪಿನವರು. ಬೆಳಕು ಬಣ್ಣವನ್ನು ಹೊಕ್ಕು, ಹೊಳೆಯುವ ಲೋಹಕ್ಕೆ ತಾಗಿ, ಹಿಂದಿರುಗುವಾಗ ಕೆಂಪಾಗಿ ತೋರುತ್ತದೆ. ಕೆಂಪು ಉಪಾಧಿ, ಹೊಳಪೊಂದೇ ಸತ್ಯ. ವಾದ ಕೇಳಲು ಸೊಗಸು. ಆದರೆ ಗುಂಡಿಬಿದ್ದ ಲೋಹದ ಮುಂದೆ ಅದ್ವೈತ ಸೋಲುತ್ತದೆ, ಏಕೆಂದರೆ ಪಾರದರ್ಶಕ ಬಣ್ಣ ಕೆಳಗಿನ ಪಾಪವನ್ನೆಲ್ಲ ಎತ್ತಿ ತೋರಿಸುತ್ತದೆ. ಆಗ ವಿಶಿಷ್ಟಾದ್ವೈತಿಗಳು ಮುಂದೆ ಬಂದು, ಮೊದಲೊಂದು ಪದರ ಬೆಳ್ಳಿಬಣ್ಣ ಬಳಿದು ಅದರ ಮೇಲೆ ಪಾರದರ್ಶಕ ಕೆಂಪು ಕೊಡಿ ಎನ್ನುತ್ತಾರೆ. ಕೆಲಸ ಆಗುವುದು ಹೆಚ್ಚಾಗಿ ಇವರಿಂದಲೇ. ಚಾರ್ವಾಕರೂ ಇದ್ದಾರೆ: ಕೈಗೆಟುಕಿದ್ದೇ ಪ್ರಮಾಣ ಎಂದು ಹೆಂಡತಿಯ ನೇಲ್ ಪಾಲಿಶ್ ಶೀಶೆಯನ್ನು ಕೇಳದೆ ಎತ್ತಿಕೊಂಡು ಬರುವವರು. ಅವರ ಕರ್ಮಫಲ ಸಂಜೆಯೊಳಗೆ ಮನೆಯಲ್ಲೇ ಸಿಗುವುದರಿಂದ ಗ್ರಂಥದಲ್ಲಿ ಖಂಡನೆ ಅನಗತ್ಯ.

ಇವರೆಲ್ಲರಿಗಿಂತ ಹಿಂದಿನದು ಗಾಜಿನ ಸಂಪ್ರದಾಯ. ಲೋಹದ ತಗ್ಗಿಗೆ ಬಣ್ಣದ ಗಾಜಿನ ಪುಡಿ ತುಂಬಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಡುತ್ತಿದ್ದರು. ಅದು ಬಿಸಿಲಿಗೆ ಮಾಸುವುದಿಲ್ಲ, ಪೆಟ್ಟು ಬಿದ್ದರೆ ಮಾತ್ರ ಸೀಳುತ್ತದೆ. ಹಳೆಯ ತಾಮ್ರ, ಹಿತ್ತಾಳೆಯ ಲಾಂಛನಗಳಿಗೆ ಒಪ್ಪುವ ವಿಧಿ. ಸತು ಕರಗುವುದು 420 ಡಿಗ್ರಿಗೇ. ನಮ್ಮ ಎತ್ತನ್ನು ಆ ಕುಲುಮೆಗೆ ಇಳಿಸಿದರೆ ಎತ್ತೇ ಹೊಳೆಯಾಗಿ ಹರಿದುಬಿಡುತ್ತದೆ.

ಹಳೆಯದಕ್ಕೆ ಇಲ್ಲದ್ದನ್ನು ಸೇರಿಸುವ ಪ್ರಕ್ಷೇಪದೋಷದ ಬಗ್ಗೆ ಒಂದು ಎಚ್ಚರಿಕೆ. 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷದ ಮೈನರ್ ಹೊರಬಂತು. ಆ ಸಂಭ್ರಮಕ್ಕೆ ನಸುನೇರಳೆ ಬಣ್ಣದ ಸುಮಾರು 350 ಕಾರುಗಳನ್ನು ಮಾಡಿ, ಬಾನೆಟ್ಟಿನ ಪಕ್ಕದ ‘ಮೈನರ್ 1000’ ಎಂಬ ಬರಹದ ಜಾಗದಲ್ಲಿ ‘ಮೈನರ್ 1000000’ ಎಂದು ಹಾಕಿದರು. ಅಧಿಕೃತ ಪಾಠದಲ್ಲಿಯೇ ಮೂರು ಸೊನ್ನೆ ಹೆಚ್ಚಿರುವ ಪ್ರತಿಗಳು ಲೋಕದಲ್ಲಿರುವಾಗ, ಸವೆದ ಸೊನ್ನೆಗಳಿಗೆ ಬಣ್ಣ ತುಂಬಲು ಕೂತವನ ಕೈ ಇನ್ನೂ ಮೂರಕ್ಕೆ ತುರಿಸುವುದು ಸಹಜ. ಹಾಗೆ ತಿದ್ದಿದ ಕಾರಿಗೆ ಬೆಲೆ ಏರಬಹುದು. ಪಾಠಸಂಪಾದಕರ ಶಾಪವೂ ಏರುತ್ತದೆ.

ಮತಗಳು ಇಷ್ಟಾದರೂ ಪ್ರಯೋಗ ಬಲ್ಲವರು ಈ ಯಾವ ಮಠಕ್ಕೂ ಸೇರಿದವರಲ್ಲ. ಅವರು ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ನಂಬರ್ ಪ್ಲೇಟ್ ಬರೆಯುತ್ತಿದ್ದವರು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಅಚ್ಚೊತ್ತಿದ ಅತಿ ಸುರಕ್ಷಿತ ಫಲಕ ಕಡ್ಡಾಯವಾದ ಮೇಲೆ ಅವರ ಬ್ರಷ್ಷುಗಳಿಗೆ ಕೆಲಸ ಕಡಿಮೆ. ಅಂಥ ಒಬ್ಬರ ಮುಂದೆ ಲೇಖಕ ಎತ್ತನ್ನೂ ಮತತ್ರಯವನ್ನೂ ಇಟ್ಟ. ಅವರು ಮತತ್ರಯವನ್ನು ಪಕ್ಕಕ್ಕೆ ಸರಿಸಿ, ಚಪಾತಿ ಹಿಟ್ಟಿನ ಉಂಡೆಯೊಂದರ ಮೇಲೆ ಲಾಂಛನವನ್ನು ಒತ್ತಿ ಮಟ್ಟವಾಗಿ ಕೂರಿಸಿದರು. ಓರೆಯಾದರೆ ಬಣ್ಣ ಒಂದೇ ಮೂಲೆಗೆ ಹೋಗಿ ಕೂರುತ್ತದಂತೆ. ಎನಾಮೆಲಿಗೆ ಥಿನ್ನರ್ ಬೆರೆಸಿ ಹಾಲಿಗಿಂತ ದಪ್ಪ, ಮಜ್ಜಿಗೆಹುಳಿಗಿಂತ ತೆಳು ಎನ್ನುವ ಹದಕ್ಕೆ ತಂದರು. ಮೂರು ಸೊನ್ನೆಯ ಬ್ರಷ್ಷನ್ನು ಅದ್ದಿ, ಉಗುರಿನ ಮೇಲೊಮ್ಮೆ ಒರೆಸಿ, ಕಿರುಬೆರಳನ್ನು ಹಲಗೆಗೆ ಊರಿ, ತುದಿಯಲ್ಲಿ ಜೋತ ಹನಿಯನ್ನು ಎತ್ತಿನ ಹೊಟ್ಟೆಯ ನಡುವೆ ಮುಟ್ಟಿಸಿದರು. ಮುಟ್ಟಿಸಿದರು ಅಷ್ಟೆ. ಹನಿ ತಾನಾಗಿ ಹರಡಿ, ಬೆನ್ನಿಗೆ ಏರಿ, ಕಾಲಿಗಿಳಿದು, ಕ್ರೋಮಿನ ಅಂಚಿಗೆ ಬಂದು ಅಲ್ಲೇ ಉಬ್ಬಿ ನಿಂತಿತು. ದ್ರವದ ಮೇಲ್ಮೈ ಸೆಳೆತದಿಂದ ಹೀಗಾಗುತ್ತದೆ ಎಂದು ಲೇಖಕ ವಿವರಿಸಹೋದ.

‘ನೀವ್ ಬಳೀಬಾರ್ದು ಸಾರ್, ಅದೇ ಹೋಗತ್ತೆ. ಕೈ ಅಡ್ಡ ಹಾಕ್ಬೇಡಿ’ ಎಂದರು ಅವರು.

ಅಂಚು ದಾಟಿದ ಚೂರುಪಾರನ್ನು ಆಗಲೇ ಒರೆಸಲಿಲ್ಲ. ಬಣ್ಣ ಕೊಂಚ ಬಿಗಿಯಾಗಲು ಬಿಟ್ಟು, ಮರದ ಚೂರಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಥಿನ್ನರಿನ ವಾಸನೆ ಮಾತ್ರ ತೋರಿಸಿದಷ್ಟು ತೇವ ಮಾಡಿ, ಕ್ರೋಮಿನ ನೆತ್ತಿಯ ಮೇಲೆ ಒಂದೇ ಸಲ ಎಳೆದರು. ಮೆತ್ತನೆ ಬಟ್ಟೆಯಾಗಿದ್ದರೆ ತಗ್ಗಿಗೂ ಇಳಿದು ಹೊಸ ಬಣ್ಣವನ್ನೇ ಎತ್ತಿಕೊಂಡು ಬರುತ್ತಿತ್ತು. ಧೂಳು ಕೂರದಿರಲೆಂದು ಮೇಲೊಂದು ಸ್ಟೀಲ್ ಡಬ್ಬಿ ಕವುಚಿದರು. ಕೆಂಪು ಒಣಗುವವರೆಗೆ ನೀಲಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ನೀಲಿಯೂ ಮುಗಿದ ಮೇಲೆ ಲೇಖಕ ಗಂಟಲು ಸರಿಪಡಿಸಿಕೊಂಡು ಕಣ್ಣಿನ ಪಾಠಭೇದದ ಪ್ರಸ್ತಾಪ ತೆಗೆಯುವಷ್ಟರಲ್ಲಿ ಒಂದು ಗುಂಡಿಗೆ ಕಪ್ಪು ಚುಕ್ಕೆ ಬಿದ್ದಾಗಿತ್ತು. ಅದೇ ಯಾಕೆ ಎಂದದ್ದಕ್ಕೆ, ‘ನೋಡ್ತಾ ಇತ್ತಲ್ಲ ಸಾರ್’ ಎಂಬ ಉತ್ತರ ಬಂತು. ಈ ಪ್ರಮಾಣವನ್ನು ಪ್ರತ್ಯಕ್ಷದಲ್ಲಿ ಸೇರಿಸಬೇಕೋ ಅನುಮಾನದಲ್ಲೋ ತಿಳಿಯದು.

ಉಳಿದದ್ದು ಕೋಡು. ಊರಿನ ಲಾಂಛನದ ವಿವರಣೆಯಲ್ಲಿ ಎತ್ತಿನ ಕೋಡು, ಗೊರಸು ಎರಡೂ ಚಿನ್ನದ ಬಣ್ಣದವು. ಕಾರಿನ ಎತ್ತಿಗೂ ಅದು ಅನ್ವಯವೇ? ಊರಿನದು ಶ್ರುತಿ, ಕಾರ್ಖಾನೆಯದು ಸ್ಮೃತಿ. ವಿರೋಧ ಬಂದಲ್ಲಿ ಶ್ರುತಿಯೇ ಬಲವತ್ತರ ಎಂಬುದು ಮೀಮಾಂಸಕರ ನ್ಯಾಯ. ಆದ್ದರಿಂದ ಚಿನ್ನವೇ ಎಂದು ತೀರ್ಪಿತ್ತು ಲೇಖಕ ಅದನ್ನು ನಿವೇದಿಸಿದ. ಅವರು ಬ್ರಷ್ಷನ್ನು ಥಿನ್ನರಿನಲ್ಲಿ ಅಲುಗಿಸುತ್ತ ಲೆಕ್ಕ ಹೇಳಿದರು: ‘ಎತ್ತು, ನೀರು ಎಲ್ಲಾ ಸೇರಿ ಮುನ್ನೂರಾಯ್ತು. ಚಿನ್ನಕ್ಕೆ ಬೇರೆ ಡಬ್ಬಿ ಒಡೀಬೇಕು ಸಾರ್. ಕೋಡಿಗೆ ಐವತ್ತು, ಗೊರಸಿಗೆ ಐವತ್ತು.’

ಲೇಖಕ ಭೂತಗನ್ನಡಿ ಹಿಡಿದು ಮತ್ತೊಮ್ಮೆ ಪರಿಶೀಲಿಸಿದ. ಎತ್ತು ಹೊಳೆಯ ನಡುವೆ ಇದೆ. ಆದ್ದರಿಂದ ಗೊರಸುಗಳು ನೀರೊಳಗಿವೆ. ನೀರು ಗಟ್ಟಿ ನೀಲಿ ಎನಾಮೆಲ್ಲಿನದಾದ್ದರಿಂದ ಒಳಗಿನದು ಕಾಣಿಸದು. ಗೊರಸಿನ ಮಟ್ಟಿಗೆ ದ್ವೈತಮತವೇ ಗ್ರಾಹ್ಯವೆಂದು ಸಿದ್ಧಾಂತಮಾಡಿ, ಮುನ್ನೂರೈವತ್ತು ಎಣಿಸಿ ಕೊಟ್ಟ.